ಸಂತೆಗೆ ಹೊರಟ ಹಾಸಿಗೆ

ಊರಿನ ಜನ ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ಗೌಸ್ ಪೀರ್ ಮಲಗುತ್ತಾರೆ. ಸೋಮಾರಿ ಅಂದುಕೊಂಡೀರಿ ಮತ್ತೆ, ಅವರ ಕೆಲಸವೇ ಅದು! ದಾವಣಗೆರೆಯ ಆನೆಕೊಂಡದಲ್ಲಿ, ತಗಡಿನ ಶೆಡ್ಡಿನ ಮುಂದೆ ನಿಂತ ಹಳೆಯ ಮೆಟಡೋರ್ ವ್ಯಾನಿನೊಳಗೆ ಬೆಳಗಿನ ಆರಕ್ಕೆ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಂಗಾತ ಬಿದ್ದಿದ್ದಾರೆ. ಎಡಕ್ಕೆ ಹೊರಳುತ್ತಾರೆ, ಬಲಕ್ಕೆ ಹೊರಳುತ್ತಾರೆ. ಎಲ್ಲೋ ಹಲಗೆ ಕಿರ್ ಅನ್ನುತ್ತದೆ. ಎದ್ದು ಕೂತು ಅಲ್ಲೊಂದು ಗುರುತು ಹಾಕುತ್ತಾರೆ.

“ನಾನು ಮಲಗಿ ನೋಡದ ಹಾಸಿಗೇನ ಇನ್ನೊಬ್ರಿಗೆ ಕೊಡಂಗಿಲ್ರಿ,” ಎನ್ನುತ್ತಾರೆ ಐವತ್ತೊಂದರ ಗೌಸ್ ಪೀರ್.

ಈ ವ್ಯಾನು ಹರಿಹರದ ಶಿವಯೋಗಪ್ಪ ಮತ್ತು ಶಕುಂತಲಮ್ಮ ದಂಪತಿಯದು. ಊರೂರ ಸಂತೆಯಲ್ಲಿ ರವಿಕೆ ಬಟ್ಟೆ, ಟವೆಲ್ಲು ಮಾರುವ ಜನ. ಒಳ್ಳೆಯ ಜಾಗ ಸಿಗಬೇಕೆಂದರೆ ಹಿಂದಿನ ದಿನ ಸಂಜೆಯೇ ಹೋಗಿ ಹಿಡಿಯಬೇಕು. ಹನ್ನೆರಡು ವರ್ಷ ಶಕುಂತಲಮ್ಮ ಬಟ್ಟೆ ಗಂಟಿಗೆ ಒರಗಿ ತೂಕಡಿಸಿಯೇ ಬೆಳಗು ಮಾಡಿದರು. ಈಗ ಸೊಂಟ ಕೈಕೊಟ್ಟಿದೆ. ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ನೆಟ್ಟಗೆ ಮಲಗಿ ನಿದ್ದೆ ಮಾಡಿ, ಇಲ್ಲವೇ ಸಂತೆ ಬಿಡಿ. ಸಂತೆ ಬಿಟ್ಟು ಆಕೆ ಮನೆಯಲ್ಲಿ ಕೂರುವ ಪೈಕಿಯಲ್ಲ. ಹೀಗಾಗಿ ವ್ಯಾನಿನಲ್ಲೇ ಒಂದು ಮನೆ ಕಟ್ಟಿಕೊಡಿ ಎಂದು ಇಬ್ಬರೂ ಗೌಸ್ ಪೀರ್ ಅವರನ್ನು ಹುಡುಕಿಕೊಂಡು ಬಂದರು. ಒಂಬತ್ತು ಸಾವಿರದ ಮೇಲೆ ಒಂದು ಪೈಸೆ ಆಗಬಾರದು ಎಂಬ ಕರಾರು ಬೇರೆ.

ಒಂಬತ್ತು ಸಾವಿರದಲ್ಲಿ ಮನೆ! ಗೌಸ್ ಪೀರ್ ಗುಜರಿ ಅಂಗಡಿಗಳನ್ನು ಜಾಲಾಡಿದರು. ಆಸ್ಪತ್ರೆಯವರು ಎಸೆದ ಮಂಚದ ಕಬ್ಬಿಣದಿಂದ ಕಾಲುಗಳಾದವು. ಶಾಲೆಯ ಮುರುಕು ಬೆಂಚುಗಳು ಹಲಗೆಯಾದವು. ಹಾಸಿಗೆಗೆ ಮಿಲ್ಲಿನ ವೇಸ್ಟ್ ಹತ್ತಿ. ಬಿಸಿಲಿಗೆ ತಗಡು ಕಾಯಬಾರದೆಂದು ಚಾವಣಿಗೆ ಎರಡು ಪದರ ಗೋಣಿಚೀಲ, ಅದರ ಮೇಲೆ ತೆಳ್ಳನೆ ಪ್ಲೈವುಡ್ಡು. ಗಂಟುಗಳೆಲ್ಲ ಹಾಸಿಗೆಯ ಕೆಳಗೆ. ಸೀಮೆಎಣ್ಣೆ ಸ್ಟೌ ಇಡುವ ಹಲಗೆಯನ್ನು ಮಾತ್ರ ಹಿಂಬಾಗಿಲಿನಿಂದ ಹೊರಕ್ಕೆ ಎಳೆಯುವಂತೆ ಮಾಡಿದ್ದಾರೆ. “ಗಾಡಿಯೊಳಗ ಬೆಂಕಿ ಹಚ್ಚಂಗೇ ಇಲ್ಲ. ಚಾ ಬೇಕಾ, ಹೊರಗ ನಿಂತು ಕಾಸ್ಕೊಳ್ರಿ,” ಎಂದು ಅವರು ಶಿವಯೋಗಪ್ಪನವರಿಗೆ ಮೂರು ಸಲ ಹೇಳಿದ್ದಾರೆ.

ಗೌಸ್ ಪೀರ್ ಪಿಂಜಾರರ ಮನೆಯ ಮಗ. ಅಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಮನೆಮನೆಗೆ ಹೋಗಿ ಗಾದಿ ಹೊಲಿಯುತ್ತಿದ್ದರು. ಮಗ ಮಾತ್ರ ಬಸ್ ಬಾಡಿ ಕಟ್ಟುವ ಶೆಡ್ಡು ಸೇರಿ, ಇಪ್ಪತ್ತೆರಡು ವರ್ಷ ಸೀಟು ಹೊಲಿದರು, ದಿನಕ್ಕೆ ಎಂಟರಂತೆ. ಯಾವ ಸೀಟಿನ ಮೇಲೂ ಹೊಲಿದವನ ಹೆಸರಿರುವುದಿಲ್ಲ. ಆರು ತಿಂಗಳ ಹಿಂದೆ ಅದನ್ನು ಬಿಟ್ಟು ಸ್ವಂತ ಶೆಡ್ಡು ಹಾಕಿದರು. ನೆಚ್ಚಿಕೊಂಡ ಮೊದಲ ದೊಡ್ಡ ಕೆಲಸವೇ ಈ ವ್ಯಾನು. ಇನ್ನೂ ನಾಲ್ಕು ಸಂತೆ ವ್ಯಾಪಾರಿಗಳು ನಮಗೂ ಇಂಥದ್ದೇ ಬೇಕು ಎಂದು ಕಾಯುತ್ತಿದ್ದಾರೆ. ಆದರೆ ಎಲ್ಲರದೂ ಒಂದೇ ಮಾತು: “ಮೊದ್ಲು ಶಕುಂತಲಮ್ಮ ಏನಂತಾಳ ನೋಡಾಣ.”

ಶಕುಂತಲಮ್ಮ ಅಂದದ್ದು ಮಾತ್ರ ಕೇಳುವ ಹಾಗಿರಲಿಲ್ಲ. ಹದಿನೈದು ದಿನದ ಹಿಂದೆ ಮೊದಲ ಸಲ ಮಲೆಬೆನ್ನೂರು ಸಂತೆಗೆ ವ್ಯಾನು ಹೋಯಿತು. ಗಿರಾಕಿಗಳು ಓಡಾಡುವ ದಾರಿಗೆ ಹಿಂಬಾಗಿಲು ಬರಬೇಕಲ್ಲ, ಹಾಗೆ ನಿಲ್ಲಿಸಿದಾಗ ಗಾಡಿಯ ಮೂತಿ ನೇರ ಉತ್ತರಕ್ಕೆ ಬಂತು. ಹಾಸಿಗೆಯ ತಲೆಯ ಭಾಗವೂ ಆ ಕಡೆಗೇ. ಆಕೆ ಬೆಳಗಿನವರೆಗೂ ಮಲಗದೆ ಕೂತಿದ್ದು, ಮರುದಿನ ಸೀದಾ ಶೆಡ್ಡಿಗೆ ಬಂದರು.

“ಉತ್ತರಕ್ಕ ತಲಿ ಹಾಕಿ ಮಲಗಬಾರ್ದು ಅಂತ ಸಣ್ಣ ಹುಡ್ರಿಗೂ ಗೊತ್ತೈತೆ. ನಿಮಗ ಗೊತ್ತಿಲ್ಲೇನ್ರಿ?”

“ಈ ಕಡೆ ಕಾಲು, ಆ ಕಡೆ ತಲಿ ಮಾಡಬೇಕಿತ್ತಮ್ಮಾ.”

“ಹೆಂಗೆ ಮಾಡ್ಲಿ? ದಿಂಬಿನ ಕಡೆ ಒಂದು ಗೇಣು ಎತ್ತರ ಮಾಡಿ ಮೊಳೆ ಹೊಡ್ದೀರಿ. ಕಾಲು ಮ್ಯಾಲೆ, ತಲಿ ಕೆಳಗ ಮಾಡ್ಕೊಂಡು ಬಾವಲಿ ಥರ ಮಲಗ್ಲೇನು?”

ಪಕ್ಕದ ಶೆಡ್ಡಿನ ಪೇಂಟರ್ ರಜಾಕ್ ಬಿದ್ದು ಬಿದ್ದು ನಕ್ಕ. “ಪೀರಣ್ಣ, ಗಾಡಿ ಅಡಿಗೆ ಬುಗುರಿ ಮೊಳೆ ಹೊಡಿ. ದಿಕ್ಕು ನೋಡಿ ತಾನೇ ತಿರುಗ್ತೈತೆ!”

ಗೌಸ್ ಪೀರ್ ನಗಲಿಲ್ಲ. “ನಮ್ಮನ್ಯಾಗೂ ಪಶ್ಚಿಮಕ್ಕ ಕಾಲು ಚಾಚಂಗಿಲ್ರಿ, ನಮಾಜಿಗೆ ಮುಖ ಮಾಡೋ ಕಿಬ್ಲಾ ಆ ಕಡೆ ಐತೆ. ಹಂಗಿದ್ದೂ ನನಗ ಹೊಳೀಲಿಲ್ಲ ನೋಡ್ರಿ. ಬಸ್ಸಿನ ಸೀಟು ಯಾವಾಗ್ಲೂ ಡ್ರೈವರ್ ಕಡೀಗೆ. ಸೀಟು ಹೊಲ್ದು ಹೊಲ್ದು ನನ್ನ ಬುದ್ಧೀನೂ ಆ ಕಡೀಗೇ ತಿರುಗಿಬಿಟ್ಟಿತ್ತು. ನಮ್ಮಪ್ಪ ಹೊಲಿದ ಗಾದೀಗೆ ತಲಿ-ಕಾಲು ಅಂತ ಇರಲೇ ಇಲ್ಲ.”

ಮನೆಯನ್ನಾದರೆ ದಿಕ್ಕು ನೋಡಿ ಕಟ್ಟಬಹುದು. ಸಂತೆಯಲ್ಲಿ ಗಾಡಿ ನಿಲ್ಲುವ ದಿಕ್ಕನ್ನು ತೀರ್ಮಾನಿಸುವುದು ಸಿಕ್ಕ ಜಾಗ. ಗೌಸ್ ಪೀರ್ ಹೊಡೆದ ಮೊಳೆಗಳನ್ನೆಲ್ಲ ಕಿತ್ತರು. ಹಲಗೆಯನ್ನು ಸಪಾಟು ಮಾಡಿದರು. ತಲೆಗೆ ಎತ್ತರ ಕೊಡುವ ತುಂಡನ್ನು ಬೇರೆಯಾಗಿ ಹೊಲಿದು, ಯಾವ ತುದಿಗೆ ಬೇಕಾದರೂ ಸಿಕ್ಕಿಸುವಂತೆ ಎರಡೂ ಕಡೆ ಕೊಂಡಿ ಇಟ್ಟರು. ಒಂದು ತುದಿಯಲ್ಲಿದ್ದ ಬಲ್ಬು, ಸ್ವಿಚ್ಚು ನಡುವಿಗೆ ಬಂದವು. ಈ ಹೆಚ್ಚಿನ ಕೆಲಸಕ್ಕೆ ದುಡ್ಡು ಕೇಳಲಿಲ್ಲ. “ತಪ್ಪು ನಂದು, ಅವರ್ಯಾಕ ಕೊಡಬೇಕು?”

ಶಕುಂತಲಮ್ಮ ಇನ್ನೊಂದು ಸಲ ನೋಡುತ್ತೇನೆ ಎಂದಿದ್ದಾರೆ. ಒಂದೇ ಸಲ. ಆಗಲೂ ನಿದ್ದೆ ಹತ್ತದಿದ್ದರೆ ಆಕೆಗೆ ಸಂತೆ ಇಲ್ಲ, ವ್ಯಾನು ಮಾರಾಟಕ್ಕೆ. ಗೌಸ್ ಪೀರ್ ಮತ್ತೆ ಅದೇ ಬಸ್ಸಿನ ಸೀಟಿಗೆ. ಹೆಂಡತಿ ಖೈರುನ್ನೀಸಾ, “ಹೋದರೆ ಹೋಗ್ಲಿ, ಎದೆಗೆ ಹಚ್ಕೋಬ್ಯಾಡ್ರಿ,” ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. “ಹೋಗಂಗಿಲ್ಲ ಬಿಡು. ಇನ್ನೊಂದು ಸಲ ಅಂದ್ರೆ ಇನ್ನೊಂದು ಸಲ ಬಿಚ್ಚಿ ಕಟ್ತೀನಿ.”

ಬೆಳಿಗ್ಗೆ ಕಿರ್ ಅನ್ನುತ್ತಿದ್ದ ಹಲಗೆ ಸರಿಯಾಗಿ, ಅಂದು ಮಧ್ಯಾಹ್ನವೇ ವ್ಯಾನು ಮಲೆಬೆನ್ನೂರಿಗೆ ಹೊರಟಿತು. ಮರುದಿನ ಗೌಸ್ ಪೀರ್ ಮೊದಲ ಬಸ್ಸು ಹಿಡಿದರು. ಅವರು ಸಂತೆಗೆ ಕಾಲಿಟ್ಟಾಗ ಏಳು ಗಂಟೆ. ತರಕಾರಿಯವರು ಕೂಗಲು ಶುರು ಮಾಡಿದ್ದಾರೆ, ಸುತ್ತಲಿನ ಬಟ್ಟೆಯವರು ತಾಡಪಾಲು ಹಾಸಿದ್ದಾರೆ. ವ್ಯಾನು ಅದೇ ಸಾಲಿನಲ್ಲಿ, ಈ ಸಲವೂ ಮೂತಿ ಉತ್ತರಕ್ಕೆ! ಹಿಂಬಾಗಿಲು ಮುಚ್ಚಿದೆ. ಹೊರಗೆ ಶಿವಯೋಗಪ್ಪ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ.

“ಏನಾತ್ರಿ?” ಗೌಸ್ ಪೀರ್ ದೂರದಿಂದಲೇ ಕೂಗುತ್ತಾರೆ.

“ಮೆಲ್ಲಕ ಮಾತಾಡ್ರಿ,” ಎನ್ನುತ್ತಾರೆ ಶಿವಯೋಗಪ್ಪ. “ಒಂಬತ್ತಕ್ಕ ಮಲಗಿದಾಕಿ ಇನ್ನೂ ಎದ್ದಿಲ್ಲ. ದಕ್ಷಿಣಕ್ಕ ತಲಿ ಹಾಕ್ಕೊಂಡು ಮಲಗ್ಯಾಳ. ಹನ್ನೆರಡು ವರ್ಷದಾಗ ಸಂತ್ಯಾಗ ಆಕಿ ಗೊರಕಿ ಇದೇ ಮೊದ್ಲು ಕೇಳಿದ್ದು.”

ಗೌಸ್ ಪೀರ್ ತಗಡಿಗೆ ಕಿವಿ ಹಚ್ಚುತ್ತಾರೆ. ಹೌದು! ಅವರ ಕಣ್ಣು ತುಂಬಿ ಬರುತ್ತದೆ. ಅಷ್ಟರಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಬಂದು, ರವಿಕೆ ಬಟ್ಟೆ ಬೇಕೆಂದು ಬಾಗಿಲು ಬಡಿಯಲು ಕೈ ಎತ್ತುತ್ತಾಳೆ. ಗೌಸ್ ಪೀರ್ ಓಡಿಹೋಗಿ ಅಡ್ಡ ನಿಲ್ಲುತ್ತಾರೆ.

“ಬಡೀಬ್ಯಾಡಮ್ಮಾ, ಒಂದರ್ಧ ತಾಸು ಬಿಟ್ಟು ಬರ್ರಿ. ಒಳಗ ಅಮ್ಮಾರು ಮಲಗ್ಯಾರೆ.”