ಬಿಚ್ಚಬಾರದ ಬಾವುಟ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮಾನ ಕಳೆದವನು ಟೈಲರ್ ಸಾಬರ ಮಗ. ಹೀಗೆಂದು ನಮ್ಮ ನೆಂಟರು ಇವತ್ತಿಗೂ ಹೇಳುತ್ತಾರೆ. ಮದುವೆ ಮನೆಗಳಲ್ಲಿ ನೀವೂ ಕೇಳಿರುತ್ತೀರಿ. ನಾನು ಒಪ್ಪುವುದಿಲ್ಲ ಮಕ್ಕಳೇ. ಹಾಗೆ ಹೇಳುವವರಲ್ಲಿ ಒಬ್ಬರೂ ಅವತ್ತು ಅಲ್ಲಿರಲಿಲ್ಲ. ನಾನಿದ್ದೆ. ನನ್ನ ಸಾಕ್ಷಿಯನ್ನೂ ಕೇಳಿ, ಆಮೇಲೆ ತೀರ್ಪು ಕೊಡಿ.

ನಮ್ಮದು ಮದ್ದೂರಿನ ಪಕ್ಕದ ಹಳ್ಳಿ. ಶಿವಪುರಕ್ಕೆ ನಡೆದೇ ಹೋಗಬಹುದಿತ್ತು. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಇನ್ನೂ ಸ್ವಾತಂತ್ರ್ಯ ಬಂದಿರದ ಕಾಲದಲ್ಲಿ, ಬಾವುಟ ಹಾರಿಸಬಾರದು ಎಂಬ ಆಜ್ಞೆ ಮುರಿದು ಜನ ಅಲ್ಲಿ ಬಾವುಟ ಏರಿಸಿದ್ದರು. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ ಅವರ ಅಪ್ಪ ಅವತ್ತು ಅಲ್ಲಿದ್ದವರೇ. ‘ಎಲ್ಲರೂ ಅಲ್ಲಿದ್ದರೆ ಅವತ್ತು ದನಕ್ಕೆ ನೀರು ಕುಡಿಸಿದವರು ಯಾರು?’ ಎಂದು ನಾನು ತಮಾಷೆ ಮಾಡುತ್ತಿದ್ದೆ. ನಮ್ಮ ಅಪ್ಪನನ್ನು ಮಾತ್ರ ಹಾಗೆ ಕೇಳಲಿಲ್ಲ. ನಮ್ಮಲ್ಲಿ ಬಾವುಟವೇ ಇತ್ತಲ್ಲ!

ಅದು ದೇವರ ಗೂಡಿನಲ್ಲಿ ಮಡಿಸಿದಂತೆಯೇ ಇರುತ್ತಿತ್ತು. ಕೇಸರಿ ಬಣ್ಣವಷ್ಟೇ ಹೊರಗೆ ಕಾಣುತ್ತಿತ್ತು. ಅಪ್ಪ ಅಂಗಿಯೊಳಗೆ ಬಚ್ಚಿಟ್ಟು ಶಿವಪುರಕ್ಕೆ ಒಯ್ದಿದ್ದ ಬಾವುಟ. ಪ್ರತಿ ಆಗಸ್ಟ್ ಹದಿನೈದಕ್ಕೆ ಕುಂಕುಮವಿಟ್ಟು ಕರ್ಪೂರ ಬೆಳಗಿ ಕೈ ಮುಗಿಯುತ್ತಿದ್ದೆವು. ಕುಂಕುಮ ಕೂತು ಕೂತು ಮೇಲಿನ ಮಡಿಕೆ ಒಣ ರೊಟ್ಟಿಯಂತೆ ಗಟ್ಟಿಯಾಗಿತ್ತು. ಪೂಜೆಗಿಟ್ಟಿದ್ದನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ಏಳನೇ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆ ಬಂತು. ಜನ ದಂಗೆ ಎದ್ದಾಗ ಗೆಲ್ಲುವುದು ಕೋವಿಯೋ, ಬರಿಗೈಯೋ ಎಂಬುದು ವಿಷಯ. ಬರಿಗೈಯ ಪರ ನಾನು. ಕೋವಿಯ ಪರ ಟೈಲರ್ ಸಾಬರ ಮಗ, ನನ್ನ ಬೆಂಚಿನವನೇ. ಅಪ್ಪ ಗದ್ದೆಗೆ ಹೋಗಿದ್ದ ಹೊತ್ತಿನಲ್ಲಿ ನಾನು ಬಾವುಟಕ್ಕಾಗಿ ಅಕ್ಕನನ್ನು ಕಾಡಿದೆ. ಕೊನೆಗೆ ಅವಳೇ ಗೂಡಿನಿಂದ ತೆಗೆದು ಕೊಟ್ಟಳು.

“ಬಿಚ್ಚಬ್ಯಾಡ ಕಣ್ಲಾ. ಮಡಿಸ್ದಂಗೇ ಎತ್ತಿ ತೋರ್ಸು, ಇಳ್ದು ಬಾ.”

“ಯಾಕೆ?”

“ಯಾಕೆ ಅನ್ನದೆ ಒಂದಿನ ಆದ್ರೂ ಇದ್ದೀಯಾ ನೀನು? ಓಗ್ಲಾ!”

ಸಾಬರ ಮಗ ಚೆನ್ನಾಗಿ ಮಾತಾಡಿದ. ಪ್ಯಾರಿಸ್ಸಿನ ಜನ ಸೆರೆಮನೆಗೆ ನುಗ್ಗಿದ್ದೇ ಕೋವಿಮದ್ದಿಗಾಗಿ, ಅದು ಕೈಗೆ ಸಿಕ್ಕ ಮೇಲೆಯೇ ರಾಜ ನಡುಗಿದ್ದು ಎಂದ. ಹೊರಗೆ ಹೋಗುತ್ತಿದ್ದ ಕಬ್ಬಿನ ಗಾಡಿಗಳ ಗೆಜ್ಜೆಯೂ ಕೇಳದ ಹಾಗೆ ಚಪ್ಪಾಳೆ ಬಿತ್ತು. ನಾನು ಎದ್ದೆ. ಶಿವಪುರದಲ್ಲಿ ಒಬ್ಬರನ್ನು ಹಿಡಿದೊಯ್ದರೆ ಇನ್ನೊಬ್ಬರು ಬಾವುಟಕ್ಕೆ ಕೈ ಹಾಕಿದ್ದನ್ನು ಹೇಳಿದೆ. ‘ಸಾಕ್ಷಿ ಇಲ್ಲಿದೆ’ ಎಂದು ಬಾವುಟ ಎತ್ತಿದೆ. ನನಗೂ ಚಪ್ಪಾಳೆ ಬಿತ್ತು. ಅಷ್ಟಕ್ಕೆ ಇಳಿದಿದ್ದರೆ ಆಗುತ್ತಿತ್ತು. ಇನ್ನೊಂದು ಚಪ್ಪಾಳೆಯ ಆಸೆಗೆ ಎರಡು ತುದಿ ಹಿಡಿದು ಕೊಡವಿ ಬಿಚ್ಚಿದೆ. ಕುಂಕುಮದ ಚಕ್ಕೆಗಳು ನನ್ನ ಬಿಳಿ ಅಂಗಿಯ ಮೇಲೆಲ್ಲ ಉದುರಿದವು.

“ಲೇ, ಇದ್ರಲ್ಲಿ ಚಕ್ರ ಐತಲ್ಲಾ!” ಎಂದ ಸಾಬರ ಮಗ. “ಅವತ್ತಿನ ಬಾವುಟ್ದಲ್ಲಿ ಇದ್ದಿದ್ದು ಚರಕ. ಚರಕದ್ದು ನಮ್ ತಾತ ಒಲೀತಿದ್ರು, ಚಕ್ರದ್ದು ನಮ್ಮಪ್ಪ ಒಲೀತಾರೆ. ಇದು ಸ್ವತಂತ್ರ ಬಂದ್ಮೇಲಿಂದು ಕಣ್ಲಾ.”

ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ನಿಮ್ಮಪ್ಪ ಯಾವ ಸಿವಪುರಕ್ಕೆ ಓಗಿದ್ನೋ!” ಇಡೀ ಶಾಲೆ ನಕ್ಕಿತು.

ಕೆಳಗಿಳಿದ ಮೇಲೆ ಸಾಬರ ಮಗನೇ ಹತ್ತಿರ ಬಂದ. ಬಾವುಟವನ್ನು ಹಳೆಯ ಗೆರೆಗಳ ಮೇಲೆಯೇ ಮಡಿಸಿ, ಕೇಸರಿ ಹೊರಗೆ ಬರುವಂತೆ ಮಾಡಿ ನನ್ನ ಕೈಗಿಟ್ಟ. ನೆಂಟರು ಈ ಭಾಗ ಹೇಳುವುದೇ ಇಲ್ಲ.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಹುರುಳಿಸಾರಿನ ಬಿಸಿ ಘಮ ಮನೆ ತುಂಬಿತ್ತು. ಬಾವುಟವನ್ನು ತಟ್ಟೆಯ ಪಕ್ಕ ಬಿಡಿಸಿ ಹಾಕಿದೆ. ಅಪ್ಪ ಅದನ್ನು ನೋಡಿದ, ನನ್ನ ಅಂಗಿಯ ಕೆಂಪು ನೋಡಿದ.

“ನಾನು ಓಗಿದ್ದು ನಿಜ ಕಣ್ಲಾ. ಪೋಲೀಸ್ನೋರು ಬಂದ್ರು. ಆ ಬಾವುಟ ಸಿಂಸಾ ಒಳೇಲಿ ತೇಲ್ಕೊಂಡ್ ಓಯ್ತು.”

“ಅದೇ ಓಯ್ತಾ, ನೀನೇ ಬುಟ್ಯಾ?”

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ನಾನು ಅಕ್ಕನ ಕಡೆ ತಿರುಗಿದೆ. ಅವಳು ಸಾರಿನ ಸೌಟು ಹಿಡಿದು ನೆಲ ನೋಡುತ್ತಿದ್ದಳು. ಬಿಚ್ಚಬೇಡ ಎಂದಿದ್ದವಳು ಅವಳು. ಅವಳಿಗೆ ಮೊದಲೇ ಗೊತ್ತಿತ್ತು.

ಮಾರನೆಯ ದಿನ ಗೂಡಿನಲ್ಲಿ ಬಾವುಟವಿರಲಿಲ್ಲ. ಅದಿದ್ದ ಜಾಗದ ಸುತ್ತ ಕುಂಕುಮದ ಚೌಕ ಮಾತ್ರ ಉಳಿದಿತ್ತು. ಅಪ್ಪ ಮತ್ತೆಂದೂ ಶಿವಪುರದ ಮಾತೆತ್ತಲಿಲ್ಲ. ಅವನು ಹೆದರಿ ಓಡಿದ್ದರೆ ಅದು ನನಗೆ ಅರ್ಥವಾಗುತ್ತದೆ. ಕೋವಿ ಹಿಡಿದವರ ಮುಂದೆ ಯಾರಿಗಾದರೂ ಓಡಬೇಕೆನಿಸುತ್ತದೆ. ಆದರೆ ಬೇರೊಂದು ಬಾವುಟ ತಂದಿಟ್ಟು, ನನಗೆ ಬುದ್ಧಿ ಬಂದಾಗಿನಿಂದ ಅದಕ್ಕೆ ನಾವು ಕೈ ಮುಗಿಯುವಂತೆ ಮಾಡಿದನಲ್ಲ, ಅದನ್ನು ಇಂದಿಗೂ ನುಂಗಲು ಆಗಿಲ್ಲ.

ನಿಮಗೆ ಈಗ ಸುಳ್ಳು ಹಿಡಿಯುವುದು ಸಲೀಸು. ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡಿ “ಫೇಕು ತಾತ” ಎಂದುಬಿಡುತ್ತೀರಿ. ನಮಗೆ ಮನೆಯವರ ಮಾತೇ ಪುಸ್ತಕ, ಮನೆಯವರ ಮಾತೇ ಪರೀಕ್ಷೆ. ಆದರೂ ಒಂದು ಮಾತು ಹೇಳುತ್ತೇನೆ: ಮನೆಯವರು ಮಡಿಸಿಟ್ಟದ್ದು ನಿಮ್ಮ ಮೊಬೈಲಿಗೂ ಕಾಣುವುದಿಲ್ಲ.

ಹೋದ ವಾರ ಮಳವಳ್ಳಿಯಲ್ಲಿ, ಅಕ್ಕನ ಮನೆಯ ಜಗುಲಿಯ ಮೇಲೆ ನೀವೆಲ್ಲ ಮೊಬೈಲ್ ಹಿಡಿದು ಕೂತಿದ್ದಿರಿ. ಒಳಗೆ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕೈಯಿಂದ ಮೊರ ತೆಗೆದು ಪಕ್ಕಕ್ಕಿಟ್ಟು, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ:

“ಅಕ್ಕಾ, ಅವತ್ತು ಬಿಚ್ಚಬ್ಯಾಡ ಅಂದ್ಯಲ್ಲ. ಯಾಕೆ ಬಿಚ್ಚಬಾರ್ದು ಅಂತ ಯಾಕೆ ಯೋಳ್ನಿಲ್ಲ?”