ಮನೆಗೊಬ್ಬರು

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಬೆಳಗಾವಿ ಸೀಮೆಯ ನಮ್ಮ ಮನೆಯಲ್ಲಿ ಇದ್ದವರು ಮೂರೇ ಜನ: ಅಪ್ಪ, ಅಕ್ಕ, ನಾನು. ಆಗ ನಾವೀಗ ಇರುವ ಇದೇ ಲಂಡನ್ನಿನಲ್ಲಿ ಕೂತ ದೊರೆಗಳ ಯುದ್ಧ ನಡೆದಿತ್ತು. ಅವರ ವಿಮಾನ ಇಳಿಯಲು ನಮ್ಮೂರಾಚೆಯ ಬಯಲು ಸಮ ಮಾಡಬೇಕಂತೆ. ಮನೆಗೊಬ್ಬರು ಬಂದು ಕಲ್ಲು ಹೊರಬೇಕು. ಕೂಲಿಯಿಲ್ಲ, ಒಲ್ಲೆ ಅನ್ನುವಂತಿಲ್ಲ. ಅದಕ್ಕೆ ಬಿಟ್ಟಿ ದುಡಿಮೆ ಅನ್ನುತ್ತಿದ್ದರು. ಬಾರದವರ ಎತ್ತು ಬಿಚ್ಚಿಕೊಂಡು ಹೋಗುತ್ತಿದ್ದರು.

ಅಪ್ಪನ ಕಾಲಿಗೆ ಕಲ್ಲಿನ ಚೂರು ಹೊಕ್ಕು ಕೀವಾಗಿತ್ತು. ದಿನಾ ಸಂಜೆ ಅಕ್ಕ ಬೇವಿನೆಲೆ ಅರೆದು ಕಟ್ಟುತ್ತಿದ್ದಳು. ಆ ಕಹಿ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಬೆಳಗಾದರೆ ಅಪ್ಪ ಮತ್ತೆ ಕುಂಟುತ್ತ ಹೊರಡುತ್ತಿದ್ದ. "ಹಿಂಗ ನಡದರ ಕಾಲ ಹೋಗತೈತಿ," ಎಂದು ಅಕ್ಕ ಅಳುತ್ತಿದ್ದಳು.

ಒಂದು ಮಧ್ಯಾಹ್ನ ಓಣಿಯಲ್ಲಿ ಡಂಗುರ ಕೇಳಿಸಿತು. ಯುದ್ಧ ಮುಗಿದಿದೆ, ಬಿಟ್ಟಿ ದುಡಿಮೆ ಇವತ್ತಿನಿಂದಲೇ ನಿಂತಿದೆ ಎಂದು ಸಾರಿದರು. ಅಕ್ಕ ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು, ನನ್ನ ಕೈ ಹಿಡಿದು ಆ ಬಯಲಿಗೆ ಓಡಿದಳು. ಬಿಸಿಲಿಗೆ ಕಾದ ನೆಲ ಬರಿಗಾಲಿಗೆ ಚುರುಗುಟ್ಟುತ್ತಿತ್ತು. ಧೂಳಿನಲ್ಲಿ ಯಾರ ಮುಖವೂ ಕಾಣದು. ಕುಂಟುವ ನಡಿಗೆಯಿಂದಲೇ ಅಪ್ಪನನ್ನು ಗುರುತು ಹಿಡಿದೆವು.

"ಅಪ್ಪಾ, ಬುಟ್ಟಿ ಇಳಸು. ಡಂಗುರ ಹೊಡದಾರ, ಮನೀಗೆ ನಡಿ!" ಎಂದು ಅಕ್ಕ ಕೂಗಿದಳು.

ಅಪ್ಪ, ಕೆಲಸ ಮಾಡಿಸುವ ಮುಕಾದಮನ ಕಡೆ ನೋಡಿದ. ಮುಕಾದಮ ಎಲೆಯಡಿಕೆ ಜಗಿಯುತ್ತ ನಕ್ಕ. "ನನಗೇನ ಸರಕಾರದ ಕಾಗದ ಬಂದಿಲ್ಲ ಬೇ. ಇವತ್ತ ಡಂಗುರ ಕೇಳಿ ಕೆಲಸ ಬಿಟ್ಟರ, ನಾಳೆ ಲಗ್ನದ ಬಾಜಾ ಕೇಳಿದ್ರೂ ಬಿಡ್ತೀರಿ!"

ಅಕ್ಕ ಬುಟ್ಟಿಗೆ ಕೈ ಹಾಕಿದಳು. ಅಪ್ಪ ಬಿಡಲಿಲ್ಲ. "ಸುಮ್ನಿರವಾ, ಎತ್ತು ಒಯ್ತಾರ," ಎಂದ. ಅಕ್ಕ ಬುಟ್ಟಿಯ ಅರ್ಧದಷ್ಟು ಕಲ್ಲುಗಳನ್ನು ತನ್ನ ಸೆರಗಿಗೆ ಸುರಿದುಕೊಂಡಳು. ಹೊತ್ತು ಮುಳುಗುವ ತನಕ ಇಬ್ಬರೂ ಹೊತ್ತರು.

ಕಾಗದ ಮರುದಿನ ಬಂತು. ಅಪ್ಪನ ಕಾಲೇನೋ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. ಆಮೇಲೂ ಎಷ್ಟೋ ದಿನ ಅವನು ನಸುಕಿನಲ್ಲೇ ಎದ್ದು, ಯಾರೋ ಕರೆಯುತ್ತಾರೆಂದು ಬಾಗಿಲಲ್ಲಿ ನಿಂತಿರುತ್ತಿದ್ದ.

ಈಗ ಈ ಕ್ವೀನ್ಸ್‌ಬರಿಯ ಮನೆಯಲ್ಲಿ ನಿಮ್ಮಮ್ಮ ತಟ್ಟೆ ತೊಳೆಯಿರಿ ಅಂದರೆ, ನೀವು ಫೋನಿನಿಂದ ತಲೆ ಎತ್ತದೆ "ವೈ ಮೀ?" ಅನ್ನುತ್ತೀರಿ. ಅವಳು ಬೈಯುತ್ತಾಳೆ. ತಟ್ಟೆಯನ್ನಂತೂ ತೊಳೆಯಿರಿ, ಮಕ್ಕಳೇ. ಆದರೆ ಯಾಕೆ ಎಂದು ಕೇಳಿದ್ದಕ್ಕೆ ನಾನು ಗದರುವುದಿಲ್ಲ. ಆಗಿನ ತನಕ ನಮ್ಮ ಮನೆಯಲ್ಲಿ ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮರುವರ್ಷ ಸುಗ್ಗಿಯ ಹೊತ್ತಿಗೆ ಅದೇ ಮುಕಾದಮ ಬಂದು, ಸಾಹೇಬರ ಸಾಮಾನು ಹೊರಬೇಕು, ಏಳು ಎಂದ. ಅಪ್ಪ ಕಟ್ಟೆಯ ಮೇಲೆ ಕೂತಲ್ಲಿಂದಲೇ, "ಯಾಕ?" ಎಂದ. ಮುಕಾದಮ ಎಲೆಯಡಿಕೆ ಉಗುಳಿ, ಮುಂದಿನ ಮನೆಗೆ ಹೋದ.