ಅಟ್ಟದ ಮೇಲಿನ ಪಾಪಸುಕಳ್ಳಿ

ಕುಶಾಲನಗರದಲ್ಲಿ ಬಸ್ ಹತ್ತಿದಾಗ ಮೋಡವಿತ್ತು, ಮಳೆಯಿರಲಿಲ್ಲ. ಆಷಾಢಕ್ಕೆ ತಂಗಿ ಸವಿತಳನ್ನು ತವರಿಗೆ ಕರೆತರಲು ಸಂಪಾಜೆಗೆ ಹೊರಟಿದ್ದೆ. ಮದುವೆಯಾದ ಮೇಲೆ ಅವಳಿಗೆ ಅಲ್ಲಿ ಇದು ಮೊದಲ ಮಳೆಗಾಲ. ಹಿಂದಿನ ದಿನ ಫೋನಿನಲ್ಲಿ, "ಅಣ್ಣ, ಇನ್ನೊಂದು ಚೀಲ ತಗೊಂಡ್ಬಾ. ಕಳ್ಳಿ ಗಿಡಾನೂ ತರ್ತೀನಿ, ಇಲ್ಲಿ ಅದು ಉಳಿಯಲ್ಲ" ಎಂದಿದ್ದಳು. ಒಂದು ತಿಂಗಳಿಗೆ ಬರುವವಳು ಗಿಡವನ್ನೇಕೆ ತರುತ್ತಾಳೆ, ಇವಳು ವಾಪಸ್ ಹೋಗುವ ಹಾಗೆ ಕಾಣುವುದಿಲ್ಲ ಎಂದು ಅಮ್ಮನಿಗೆ ಚಿಂತೆ ಹತ್ತಿತು. ನನಗೂ ಭಯವಾಯಿತು.

ನಮ್ಮವರು ಅರಸೀಕೆರೆ ಕಡೆಯಿಂದ ಬರುವಾಗ ತಂದು ಬೇಲಿಗೆ ನೆಟ್ಟ ಪಾಪಸುಕಳ್ಳಿ ಅದು. ಎಲೆಗಳೆಲ್ಲ ಮುಳ್ಳಾಗಿ, ಕಾಂಡವೇ ಹಸಿರು ಹಲಗೆಯಾಗಿ, ಒಂದು ಮಳೆಯ ನೀರನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಬದುಕುವ ಗಿಡ. ಮದುವೆಯಾಗಿ ಹೊರಟಾಗ ಅದರದೊಂದು ತುಂಡು ಮುರಿದುಕೊಂಡ ಸವಿತಳನ್ನು, ಒಂಟೆಯನ್ನು ಹೊಳೆಯಲ್ಲಿ ಕಟ್ಟಲು ಹೊರಟಿದ್ದೀಯ ಎಂದು ರೇಗಿಸಿದ್ದೆ.

ಸುಂಟಿಕೊಪ್ಪದಲ್ಲಿ ಹನಿ ಶುರುವಾಯಿತು. ಮಡಿಕೇರಿ ದಾಟಿ ಘಾಟಿ ಇಳಿಯುವಾಗ ಮಂಜು ಬಸ್ಸಿನೊಳಕ್ಕೇ ಬಂತು. ಮರಗಳು ಒಂದೊಂದಾಗಿ ತೋರಿ ಕರಗುತ್ತಿದ್ದವು. ತೂಕಡಿಕೆಯಲ್ಲಿ ನಮ್ಮ ಬೇಲಿ ಬಂತು, ಅದರ ಹಳದಿ ಹೂಗಳು ಬಂದವು. ಪುಟ್ಟ ಸವಿತ ಕಳ್ಳಿಹಣ್ಣು ತಿಂದು ಕೆಂಪು ನಾಲಿಗೆ ತೋರಿಸಿದಳು. ಕಣ್ಣು ಬಿಟ್ಟರೆ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು.

ಸಂಪಾಜೆಯ ಅಂಗಳದಲ್ಲಿ ಕಳ್ಳಿ ಕುಂಡದಲ್ಲೇ ಕೊಳೆತು ಕುಸಿದಿತ್ತು. ಆ ಊರಲ್ಲಿ ಏನು ನೆಟ್ಟರೂ ಮಳೆಯೇ ಸಾಕುತ್ತದೆ. ಸೊಸೆಯ ಗಿಡಕ್ಕೂ ಮಳೆ ಚೆನ್ನಾಗಿ ಸಿಗಲೆಂದು ಅವಳತ್ತೆ ಕುಂಡವನ್ನು ಸೂರಿನ ನೀರು ಬೀಳುವಲ್ಲೇ ಇಟ್ಟಿದ್ದರಂತೆ. ಹೊಸ ಸೊಸೆ, ಬೇಡ ಎನ್ನಲು ಬಾಯಿ ಬಂದಿರಲಿಲ್ಲ.

ರಾತ್ರಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ. "ಅದು ಪೂರ್ತಿ ಹೋಯ್ತು ಅಣ್ಣ" ಎಂದು ಸವಿತ ತಲೆ ತಗ್ಗಿಸಿದಳು. ಆಗ ಅತ್ತೆ ಎದ್ದು, ಒಲೆಯ ಮೇಲಿನ ಅಟ್ಟಕ್ಕೆ ಕೈಹಾಕಿ, ಬೀಜಕ್ಕಿಟ್ಟ ಹೀರೇಕಾಯಿಗಳ ನಡುವಿನಿಂದ ಕಳ್ಳಿಯ ತುಂಡೊಂದನ್ನು ತೆಗೆದರು. ಬುಡ ಮೆತ್ತಗಾದಾಗಲೇ ಗಟ್ಟಿಯಿದ್ದ ತುದಿಯನ್ನು ಕೊಯ್ದು ಇಟ್ಟಿದ್ದರಂತೆ. ಅದೂ ಸತ್ತರೆ ಹುಡುಗಿಗೆ ಎರಡು ಸಲ ನೋವಾಗುತ್ತದೆಂದು ಹೇಳಿರಲಿಲ್ಲವಂತೆ. ತುಂಡು ಸುಕ್ಕುಗಟ್ಟಿತ್ತು, ಹೊಗೆ ವಾಸನೆ ಹೊಡೆಯುತ್ತಿತ್ತು. ಕೊಯ್ದ ಜಾಗ ಒಣಗಿ ಚಕ್ಕೆಯಾಗಿತ್ತು. ಅದರ ಅಂಚಿನಲ್ಲಿ, ಮಣ್ಣೂ ನೀರೂ ಇಲ್ಲದೆ, ಬಿಳಿಯ ಬೇರಿನ ಮೊನೆಗಳು ಮೂಡಿದ್ದವು. ಸವಿತ ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದಳು. ಮುಳ್ಳು ಚುಚ್ಚಿದ್ದೂ ಅವಳಿಗೆ ಗೊತ್ತಾದಂತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ನಾನೇ ಚೀಲ ಬಿಚ್ಚಿ ಹಿಡಿದೆ. ಅವಳು ಸ್ಟೂಲ್ ಹತ್ತಿ ತುಂಡನ್ನು ಮತ್ತೆ ಅಟ್ಟದ ಮೇಲಿಟ್ಟಳು.

"ಅತ್ತೆ, ಮಳೆ ಬಿಡೋ ತನಕ ಇದನ್ನ ಇಳಿಸ್ಬೇಡಿ. ನಾನು ಬಂದು ನೆಡ್ತೀನಿ."

ಬಸ್ಸಿಗೆ ಕಾಯುತ್ತ ಅಮ್ಮನಿಗೆ ಫೋನ್ ಮಾಡಿ, ಸವಿತ ಬರುತ್ತಿದ್ದಾಳೆ, ಅವಳತ್ತೆ ಅಟ್ಟದಲ್ಲಿ ಉಳಿಸಿಟ್ಟ ಕಳ್ಳಿ ಅಲ್ಲೇ ಇರುತ್ತದೆ ಎಂದೆ. ಅಮ್ಮ, ಅವಳತ್ತೆಯನ್ನೂ ಕರೆದುಕೊಂಡು ಬರಬೇಕಿತ್ತಲ್ಲೋ ಎಂದಳು.